ಹೀರೋಗೆ ಪಗಾರ ಎಷ್ಟು?

ರಜೆಗೆ ಊರಿಗೆ ಬಂದಿದ್ದ ಅಕ್ಕನ ಮಗಳು ಒಂದು ಮಧ್ಯಾಹ್ನ ಸುಮ್ನೆ ಟಿವಿ ಮುಂದೆ ಕೂತಿದ್ದಳು. ಯಾವುದೋ 90ರ ದಶಕದ ಹಿಂದಿ ಸಿನಿಮಾ ಬರುತ್ತಿತ್ತು. ಹೀರೋ ದೊಡ್ಡ ಬಂಗಲೆಯ ಮೆಟ್ಟಿಲು ಇಳಿದು ಬಂದ, ಕಾರು ಹತ್ತಿದ, ಹಿಮದ ಬೆಟ್ಟದಲ್ಲಿ ಕುಣಿದ, ವಾಪಸ್ ಬಂದು ಅಪ್ಪನ ಜೊತೆ ಜಗಳ ಆಡಿದ. ಇವಳು ಮೊಬೈಲಿನಿಂದ ತಲೆ ಎತ್ತಿ, "ಮಾಮಾ, ಇವನು ಏನು ಕೆಲಸ ಮಾಡ್ತಾನೆ?" ಅಂದಳು. "ಅಪ್ಪಂದು ಬಿಸಿನೆಸ್ ಇರಬೇಕು" ಅಂದೆ. "ಏನು ಬಿಸಿನೆಸ್?" ಅಂತ ಮತ್ತೆ ಕೇಳಿದಳು. ಆ ಸಿನಿಮಾದ ಹಾಡುಗಳು ನನಗೆ ಈಗಲೂ ಬಾಯಿಪಾಠ. ಆದರೆ ಅವನ ಅಪ್ಪ ಏನು ತಯಾರಿಸುತ್ತಾನೆ, ಏನು ಮಾರುತ್ತಾನೆ, ಒಂದೂ ಹೇಳಲಾಗಲಿಲ್ಲ. ಸಿನಿಮಾ ಮುಗಿಯುವವರೆಗೆ ಕಾದು ನೋಡಿದೆ. ಅದರಲ್ಲೂ ಯಾರೂ ಹೇಳಲಿಲ್ಲ.

ಅವಳು ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟಳು. ನನ್ನನ್ನು ಅದು ಬಿಡಲಿಲ್ಲ. ನಮ್ಮ ಕಡೆ ಯಾವುದೇ ಹುಡುಗನ ಮಾತು ಬಂದರೂ ಮೊದಲು ಬರುವುದು "ಏನ್ ಮಾಡ್ಕೊಂಡಿದಾನೆ?" ಅನ್ನೋ ಪ್ರಶ್ನೆ. ಹೆಸರು ಆಮೇಲೆ. 90ರ ದಶಕದ ಹಿಂದಿ ಸಿನಿಮಾಗಳಲ್ಲಿ ಅರ್ಧಕ್ಕರ್ಧ ಮದುವೆಯ ಕಥೆಗಳೇ. ಹುಡುಗಿಯ ಅಪ್ಪ ಒಪ್ಪುವುದೋ ಬಿಡುವುದೋ ಅನ್ನೋದರ ಮೇಲೆ ಮೂರು ಗಂಟೆ ಓಡುತ್ತವೆ. ಅಂಥ ಸಿನಿಮಾಗಳಲ್ಲಿ ಒಬ್ಬನೇ ಒಬ್ಬ ಹಿರಿಯ ಈ ಪ್ರಶ್ನೆ ಕೇಳುವುದಿಲ್ಲ ಅಂದರೆ ವಿಚಿತ್ರ ಅಲ್ವಾ? ಆ ದಶಕ ಶುರುವಾದಾಗ ಹೀಗಿರಲಿಲ್ಲ. ಒಬ್ಬ ಅಪ್ಪ ಕೇಳಿದ್ದ. ಬರೀ ಕೇಳಿದ್ದಲ್ಲ, ಮೊತ್ತ ಹೇಳಿ, ಗಡುವು ಕೊಟ್ಟು ಕೇಳಿದ್ದ.

ಎರಡು ಸಾವಿರ ರೂಪಾಯಿ

ನಾನು ಬೆಳೆದದ್ದು ದಾವಣಗೆರೆಯಲ್ಲಿ, ಕಾಟನ್ ಮಿಲ್ಲಿನವರ ಓಣಿಯಲ್ಲಿ. ಅಪ್ಪ ಸ್ಪಿನ್ನಿಂಗ್ ಖಾತೆಯಲ್ಲಿದ್ದರು. ಓಣಿಯಲ್ಲಿ ಅರ್ಧ ಜನಕ್ಕೆ ಹಿಂದಿ ಬರುತ್ತಿತ್ತು, ಉಳಿದವರಿಗೆ ಭಾನುವಾರದ ದೂರದರ್ಶನ ಕಲಿಸಿತ್ತು. ಬಟವಾಡೆ ಆದ ವಾರ ಮನೆಗಿಷ್ಟು ಅಂತ ಪಟ್ಟಿ ಹಾಕಿ, ಕಲರ್ ಟಿವಿ ಮತ್ತು ವಿಸಿಆರ್ ಬಾಡಿಗೆಗೆ ತರುತ್ತಿದ್ದರು. ಟಿವಿಯನ್ನು ಯಾರದಾದರೂ ಕಟ್ಟೆ ಮೇಲಿಟ್ಟರೆ ಆಯಿತು, ಬೆಳಗಿನವರೆಗೆ ಓಣಿಯೇ ಟಾಕೀಸು. ಒಂದು ರಾಜ್‌ಕುಮಾರ್ ಸಿನಿಮಾ ಇರಲೇಬೇಕು. ಒಂದು ಹಿಂದಿ. ಇನ್ನೊಂದು ಹುಡುಗರು ಹಟ ಮಾಡಿ ತರಿಸಿದ ಫೈಟಿಂಗ್ ಸಿನಿಮಾ. ರಾತ್ರಿ ಪಾಳಿಗೆ ಹೋಗುವವರು ಅರ್ಧಕ್ಕೆ ಎದ್ದು ಹೋಗುತ್ತಿದ್ದರು, ಎರಡನೇ ಪಾಳಿ ಮುಗಿಸಿದವರು ಬಂದು ಅವರ ಜಾಗದಲ್ಲಿ ಕೂರುತ್ತಿದ್ದರು. ಹೀಗೆ ಒಂದೇ ಸಿನಿಮಾದ ಮೊದಲರ್ಧ ಕೆಲವರಿಗೆ, ಉಳಿದರ್ಧ ಕೆಲವರಿಗೆ. ಮರುದಿನ ನಲ್ಲಿ ಹತ್ತಿರ ಎರಡನ್ನೂ ಜೋಡಿಸುವುದು.

'ಮೈನೇ ಪ್ಯಾರ್ ಕಿಯಾ' ಬಿಡುಗಡೆಯಾದದ್ದು 1989ರ ಡಿಸೆಂಬರ್ 29ರಂದು. ನಿರ್ದೇಶಕ ಸೂರಜ್ ಬರ್ಜಾತ್ಯ ಅವರ ಮೊದಲ ಸಿನಿಮಾ. ನಮ್ಮ ಓಣಿಗೆ ಅದು ಬರುವ ಹೊತ್ತಿಗೆ ಬೇಸಿಗೆ. ಹಾಡುಗಳು ಅದಕ್ಕಿಂತ ಎಷ್ಟೋ ಮೊದಲೇ ಬಂದಿದ್ದವು. ಸಲ್ಮಾನ್ ಖಾನ್ ಬಾಯಿ ತೆರೆದರೆ ಎಸ್‌ಪಿಬಿ ದನಿ ಬರುತ್ತಿತ್ತು. ಕನ್ನಡದಲ್ಲಿ ದಿನಾ ಕೇಳುವ ದನಿ. ಹಾಗಾಗಿ ಹೀರೋ ಯಾರೋ ಹೊರಗಿನವನು ಅಂತ ನಮಗೆ ಅನ್ನಿಸಲೇ ಇಲ್ಲ.

ಕಥೆ ಎಲ್ಲರಿಗೂ ಗೊತ್ತು. ಹುಡುಗಿಯ ಅಪ್ಪ ಕರಣ್ ಬಡ ಮೆಕ್ಯಾನಿಕ್. ಮಗಳ ಮದುವೆಗೆ ದುಡ್ಡು ಮಾಡಲು ಹೊರದೇಶಕ್ಕೆ ಹೋಗುವಾಗ ಅವಳನ್ನು ಶ್ರೀಮಂತ ಗೆಳೆಯನ ಮನೆಯಲ್ಲಿ ಬಿಟ್ಟಿರುತ್ತಾನೆ. ಅಲ್ಲಿ ಪ್ರೀತಿ, ಆಮೇಲೆ ಅವಮಾನ, ಗೆಳೆತನ ಮುರಿದು ಹಳ್ಳಿಗೆ ವಾಪಸ್. ಹಿಂದೆಯೇ ಬಂದ ಹುಡುಗನಿಗೆ ಕರಣ್ ಒಂದು ಷರತ್ತು ಹಾಕುತ್ತಾನೆ. ಅಪ್ಪನ ದುಡ್ಡು ಬೇಡ. ಇಲ್ಲೇ ಇದ್ದು, ನಿನ್ನ ಮೈಮುರಿದು ದುಡಿದು, ಒಂದು ತಿಂಗಳಲ್ಲಿ ಎರಡು ಸಾವಿರ ರೂಪಾಯಿ ತಂದು ತೋರಿಸು. ಪ್ರೇಮ್ ಕಲ್ಲಿನ ಕ್ವಾರಿಯಲ್ಲಿ ಕೂಲಿ ಮಾಡುತ್ತಾನೆ, ಲಾರಿ ಓಡಿಸುತ್ತಾನೆ.

ಇಲ್ಲಿಗೆ ಬಂದಾಗ ಓಣಿಯಲ್ಲಿ ಸಿನಿಮಾ ನೋಡುವುದು ನಿಂತು ಲೆಕ್ಕ ಶುರುವಾಯಿತು. ಹಿಂದಿನ ಸಾಲಿನಲ್ಲಿ ಬೀಡಿ ಸೇದುತ್ತಿದ್ದ ಫಿಟ್ಟರ್ ಒಬ್ಬರು ಮೊದಲು ತೆಗೆದದ್ದು. "ಕ್ವಾರಿ ಕೂಲಿ ಎಷ್ಟು ಹಿಡೀಬಹುದು?" "ಹೆಚ್ಚಂದ್ರೆ ಇಪ್ಪತ್ತೈದು." "ಅಂದ್ರೆ ವಾರದ ರಜ ತಗೊಳ್ದೆ ದುಡಿದ್ರೂ ಏಳ್ನೂರೈವತ್ತು. ಉಳಿದಿದ್ದು ಎಲ್ಲಿಂದ ಬರ್ತೈತೆ?" "ಅದಕ್ಕೇ ಅಲ್ವೇನೋ ಲಾರಿನೂ ಹೊಡೀತಾನೆ." "ಹೊಸ ಡ್ರೈವರ್‌ಗೆ ಯಾವನು ಅಷ್ಟು ಕೊಡ್ತಾನೆ? ಮೇಲಾಗಿ ಊಟದ ಖರ್ಚು?" ಆಗ ಓಣಿಯಲ್ಲಿ ತಿಂಗಳಿಗೆ ಎರಡು ಸಾವಿರ ಕೈಗೆ ಬರುವವರು ಯಾರೂ ಇರಲಿಲ್ಲ. ಕಾಯಂ ಅಲ್ಲದ ಬದಲಿ ಕೆಲಸಗಾರರಿಗಂತೂ ಅದರ ಕಾಲುಭಾಗ ಬಂದರೆ ಪುಣ್ಯ. ಅಪ್ಪ ಅಷ್ಟೊತ್ತೂ ಸುಮ್ಮನಿದ್ದವರು ಕೊನೆಗೆ ಹೇಳಿದರು: "ಹುಡುಗಿ ಅಪ್ಪ ಮೆಕ್ಯಾನಿಕ್ ಅದಾನೆ, ಅವನಿಗೆ ಕೂಲಿ ಎಷ್ಟು ಅಂತ ಗೊತ್ತಿಲ್ವೇನು? ಆಗದೇ ಇರೋ ರೊಕ್ಕನೇ ನೋಡಿ ಕೇಳ್ಯಾನೆ."

ನಾನು ಆಮೇಲೆ ಓದಿದ ಎಷ್ಟೋ ಸಿನಿಮಾ ವಿಮರ್ಶೆಗಳಲ್ಲಿ ಇಷ್ಟು ಸರಿಯಾದ ಮಾತು ಸಿಕ್ಕಿಲ್ಲ. ಕರಣ್ ಆ ಹುಡುಗನನ್ನು ಸೋಲಿಸಲೆಂದೇ ಆ ಮೊತ್ತ ಹೇಳಿರುತ್ತಾನೆ. ಕೂಲಿ ಎಷ್ಟು ಅಂತ ಗೊತ್ತಿದ್ದವರಿಗೆ ಮಾತ್ರ ಅದು ಹೊಳೆಯುತ್ತದೆ. ಕೊನೆಗೆ ಪ್ರೇಮ್ ದುಡ್ಡು ತರುವಾಗ ಗೂಂಡಾಗಳು ಅಡ್ಡಹಾಕುತ್ತಾರೆ, ಬಡಿಯುತ್ತಾರೆ, ದುಡಿದ ದುಡ್ಡು ಹಾಳಾಗುತ್ತದೆ. ಹೀರೋಗೆ ಪೆಟ್ಟು ಬಿದ್ದಾಗ ಓಣಿ ಸುಮ್ಮನಿತ್ತು. ನೋಟುಗಳು ಹಾಳಾದಾಗ ಹೆಂಗಸರೆಲ್ಲ ಒಟ್ಟಿಗೆ "ಅಯ್ಯಯ್ಯೋ" ಅಂದರು.

ಮುಂದಿನ ವರ್ಷ, 1990ರಲ್ಲಿ ಬಂದ 'ದಿಲ್' ಸಿನಿಮಾದಲ್ಲೂ ಮನೆ ಬಿಟ್ಟು ಬಂದ ಆಮೀರ್ ಖಾನ್ ಕಟ್ಟಡದ ಕೂಲಿ ಮಾಡುತ್ತಾನೆ. ಆ ಮೇಲೆ ಬಂದ ದೊಡ್ಡ ಹಿಟ್ ಪ್ರೇಮಕಥೆಗಳಲ್ಲಿ ದುಡಿಮೆಯ ಈ ಪರೀಕ್ಷೆ ನಿಧಾನಕ್ಕೆ ಮಾಯವಾಯಿತು.

ಎಸೆದ ದುಡ್ಡು

70ರ ದಶಕದ ಮಾತು ಸ್ವಲ್ಪ ಎತ್ತದೆ ಇದು ಪೂರ್ತಿಯಾಗುವುದಿಲ್ಲ. 1975ರ 'ದೀವಾರ್'ನಲ್ಲಿ ಅಮಿತಾಭ್ ಬಂದರಿನಲ್ಲಿ ಮೂಟೆ ಹೊರುವ ಕೂಲಿ. ತೋಳಿನ ಬಿಲ್ಲೆ 786 ಯಾರಿಗೆ ನೆನಪಿಲ್ಲ? ಅವನ ಅಪ್ಪ ಕಾರ್ಮಿಕ ನಾಯಕ. ಅವನ ಸಿಟ್ಟು ಶುರುವಾಗುವುದೇ ಕೂಲಿಯವರ ಸಂಬಳದಲ್ಲಿ ಹಫ್ತಾ ಕೀಳುವವರ ಮೇಲೆ. 1979ರ 'ಕಾಲಾ ಪತ್ಥರ್'ನಲ್ಲಿ ಅವನು ಕಲ್ಲಿದ್ದಲು ಗಣಿಯ ಕೆಲಸಗಾರ. ಚಾಸ್‌ನಾಲಾ ಗಣಿಗೆ 1975ರ ಡಿಸೆಂಬರಿನಲ್ಲಿ ನೀರು ನುಗ್ಗಿ ನೂರಾರು ಜನ ಸತ್ತ ದುರಂತ ಅದರ ಹಿಂದಿತ್ತು. ಎರಡೂ ಸಿನಿಮಾ ಬರೆದದ್ದು ಸಲೀಂ-ಜಾವೇದ್, ನಿರ್ದೇಶಿಸಿದ್ದು ಯಶ್ ಚೋಪ್ರಾ.

'ದೀವಾರ್'ನಲ್ಲಿ ಹೀರೋ ಇನ್ನೂ ಹುಡುಗನಾಗಿದ್ದಾಗಿನ ದೃಶ್ಯ ನೆನಪಿಸಿಕೊಳ್ಳಿ. ಬೂಟ್ ಪಾಲಿಶ್ ಮಾಡಿದ್ದಕ್ಕೆ ಗಿರಾಕಿ ಕಾಸು ಎಸೆಯುತ್ತಾನೆ. ಹುಡುಗ ಬಗ್ಗುವುದಿಲ್ಲ. ಎಸೆದ ದುಡ್ಡು ಮುಟ್ಟಲ್ಲ, ಕೈಗೆ ಕೊಡಿ ಅನ್ನುತ್ತಾನೆ. ಇಡೀ ಸಿನಿಮಾ ಆ ಒಂದು ಹಟದ ಮೇಲೆ ನಿಂತಿದೆ.

ಇನ್ನು ಇಪ್ಪತ್ತು ವರ್ಷ ಮುಂದೆ ಬನ್ನಿ. 1995ರ ಅಕ್ಟೋಬರ್ 20. 'ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ'. ಅದೇ ಯಶ್ ಚೋಪ್ರಾ ನಿರ್ಮಾಪಕ, ಮಗ ಆದಿತ್ಯ ಚೋಪ್ರಾ ನಿರ್ದೇಶಕ. ಲಂಡನ್ನಿನಲ್ಲಿ ಬಲದೇವ್ ಸಿಂಗ್ ಅಂಗಡಿ ಬಾಗಿಲು ಹಾಕಿಯಾಗಿದೆ. ಹೀರೋ ಬಂದು ಬಿಯರ್ ಬೇಕು ಅನ್ನುತ್ತಾನೆ. ಇಲ್ಲ ಅಂದರೆ ಕೇಳುವುದಿಲ್ಲ. ಬಿಯರ್ ಎತ್ತಿಕೊಂಡು, ಕೌಂಟರ್ ಮೇಲೆ ದುಡ್ಡು ಎಸೆದು ಓಡಿಹೋಗುತ್ತಾನೆ. ಥಿಯೇಟರಿನಲ್ಲಿ ನಾವೆಲ್ಲ ನಕ್ಕಿದ್ದೆವು. ಶಾರುಖ್ ಖಾನ್ ಮಾಡಿದರೆ ನಗು ಬರದೆ ಇರುತ್ತಾ? ಆದರೆ ಸ್ವಲ್ಪ ನಿಂತು ನೋಡಿ. ಅಪ್ಪನ ಸಿನಿಮಾದಲ್ಲಿ ಹೀರೋ ಅಂದರೆ ಎಸೆದ ದುಡ್ಡನ್ನು ಮುಟ್ಟದವನು. ಮಗನ ಸಿನಿಮಾದಲ್ಲಿ ಹೀರೋ ಅಂದರೆ ದುಡ್ಡು ಎಸೆಯುವವನು. ಬೇಕಂತಲೇ ಹಾಗೆ ಬರೆದಿರಲಾರರು. ಬೇಕಂತ ಮಾಡದೆಯೇ ಆಗಿರುವುದರಿಂದಲೇ ನನಗೆ ಅದು ದೊಡ್ಡದಾಗಿ ಕಾಣುತ್ತದೆ.

ಆ ಸಿನಿಮಾದಲ್ಲಿ ದುಡಿಯುವವನು ಇದ್ದಾನೆ. ಅವನೇ ಬಲದೇವ್ ಸಿಂಗ್. ಬೆಳಿಗ್ಗೆ ಟ್ರಫಾಲ್ಗರ್ ಚೌಕದಲ್ಲಿ ಪಾರಿವಾಳಗಳಿಗೆ ಕಾಳು ಹಾಕಿ, ಹೋಗಿ ಅಂಗಡಿ ತೆರೆಯುತ್ತಾನೆ. ವರ್ಷಗಟ್ಟಲೆ ಅದೇ ದಾರಿ, ಅದೇ ಗಲ್ಲಾಪೆಟ್ಟಿಗೆ. ಹೀರೋನ ಅಪ್ಪನಿಗೆ ಬೇಕಾದಷ್ಟು ಆಸ್ತಿ. ಮಗ ಪರೀಕ್ಷೆಯಲ್ಲಿ ಫೇಲಾದರೆ ನಮ್ಮ ವಂಶದ ಪದ್ಧತಿಯೇ ಅದು ಅಂತ ಖುಷಿಪಡುವ ಅಪ್ಪ. ಒಬ್ಬ ದುಡಿದು ಮುಖ ಬಿಗಿದುಕೊಂಡವನು, ಇನ್ನೊಬ್ಬ ಚಿಂತೆಯಿಲ್ಲದೆ ನಗುವವನು. ಸಿನಿಮಾ ಯಾರ ಕಡೆ ನಿಲ್ಲುತ್ತದೆ ಅಂತ ಹೇಳಬೇಕಾಗಿಲ್ಲ. ಅಮರೀಶ್ ಪುರಿ ಅವರ ಮುಖದಲ್ಲಿ ದಣಿವು ಇಲ್ಲದೆ ಹೋಗಿದ್ದರೆ ಬಲದೇವ್ ಬರೀ ಒಬ್ಬ ಗದರುವ ಅಪ್ಪ ಆಗಿಬಿಡುತ್ತಿದ್ದ. ನನಗೆ ಈಗ ಆ ಸಿನಿಮಾ ನೋಡಿದರೆ ಮೊದಲ ಐದು ನಿಮಿಷ ಸಾಕು ಅನ್ನಿಸುತ್ತದೆ.

ಇದರಲ್ಲಿ ಇನ್ನೊಂದು ತಮಾಷೆ ಇದೆ. ಮುಂಬೈಯ ಮರಾಠಾ ಮಂದಿರದಲ್ಲಿ ಆ ಸಿನಿಮಾ ದಶಕಗಳ ಕಾಲ ಓಡಿತು. ಥಿಯೇಟರ್ ಇರುವುದು ಮುಂಬೈ ಸೆಂಟ್ರಲ್ ರೈಲ್ವೆ ನಿಲ್ದಾಣದ ಹತ್ತಿರ. ಟಿಕೆಟ್ ಅಗ್ಗ. ರೈಲಿಗೆ ಕಾಯುವವರು, ಟ್ಯಾಕ್ಸಿಯವರು, ದಿನಗೂಲಿಯವರು ಬಂದು ಎರಡೂವರೆ ಮೂರು ಗಂಟೆ ಕಾಲು ಚಾಚಿ ಕೂರುವ ಜಾಗ. ಯುರೋಪ್ ಸುತ್ತುವ ಹುಡುಗನನ್ನು ಇಷ್ಟು ವರ್ಷ ಸಾಕಿದವರು ಇವರು.

ಹಿಟ್ಟು ನಾದಿದವರು ಯಾರು?

'ಹಮ್ ಆಪ್ಕೆ ಹೈ ಕೌನ್' 1994ರ ಆಗಸ್ಟ್ 5ರಂದು ಬಂತು. ಎರಡು ಸಾವಿರ ರೂಪಾಯಿಯ ಷರತ್ತು ಬರೆದ ಅದೇ ಬರ್ಜಾತ್ಯ. ಅದೇ ಸಲ್ಮಾನ್, ಹೆಸರೂ ಅದೇ ಪ್ರೇಮ್. ಕರಣ್ ಆಗಿದ್ದ ಅಲೋಕ್ ನಾಥ್ ಇಲ್ಲಿ ಶ್ರೀಮಂತ ಕೈಗಾರಿಕೋದ್ಯಮಿ. ಐದೇ ವರ್ಷದಲ್ಲಿ ಮೆಕ್ಯಾನಿಕ್ ಬಂಗಲೆ ಕಟ್ಟಿಬಿಟ್ಟ. ಹದಿನಾಲ್ಕು ಹಾಡು, ಮೂರು ಗಂಟೆಗೂ ಜಾಸ್ತಿ, ಮದುವೆ, ಸೀಮಂತ, ಚಪ್ಪಲಿ ಕದಿಯುವ ಆಟ. ಖಳನಾಯಕ ಇಲ್ಲ. ವಿಡಿಯೋ ಕ್ಯಾಸೆಟ್ಟನ್ನು ಬೇಗ ಬಿಡಲಿಲ್ಲ, ಹಾಗಾಗಿ ನೋಡಬೇಕಾದರೆ ಥಿಯೇಟರಿಗೇ ಹೋಗಬೇಕು.

ಈ ಕಥೆಯನ್ನು ಬರ್ಜಾತ್ಯ ಮನೆತನದ ರಾಜಶ್ರೀ ಸಂಸ್ಥೆಯೇ 1982ರಲ್ಲಿ 'ನದಿಯಾ ಕೇ ಪಾರ್' ಅಂತ ಒಮ್ಮೆ ತೆಗೆದಿತ್ತು. ಉತ್ತರ ಪ್ರದೇಶದ ಹಳ್ಳಿ, ರೈತರ ಮನೆ. ಅಣ್ಣನಿಗೆ ಹೆಣ್ಣು ತಂದದ್ದು, ಅವಳ ತಂಗಿಯ ಮೇಲೆ ತಮ್ಮನಿಗೆ ಮನಸ್ಸಾದದ್ದು, ಅತ್ತಿಗೆ ಸತ್ತದ್ದು, ಎಲ್ಲಾ ಇದೇ. ಅಲ್ಲಿ ಪ್ರೀತಿ ಬೆಳೆಯುವುದು ಎತ್ತಿನ ಗಾಡಿಯ ಮೇಲೆ. ಹೊಲ ಇದೆ, ದನ ಇವೆ, ಮನೆಯಲ್ಲಿ ಹೆಂಗಸಿಲ್ಲದಿದ್ದರೆ ಒಲೆ ಹಚ್ಚುವವರು ಯಾರು ಅನ್ನುವ ನಿಜವಾದ ತಾಪತ್ರಯ ಇದೆ. ಹನ್ನೆರಡು ವರ್ಷದ ನಂತರ ಕಥೆಯನ್ನು ಹಾಗೇ ಉಳಿಸಿಕೊಂಡು ಹೊಲ, ದನ, ಒಲೆ ಮೂರನ್ನೂ ತೆಗೆದರು. ಜಾಗ ಖಾಲಿಯಾಯಿತಲ್ಲ, ಹಾಡು ತುಂಬಿಸಿದರು.

ಅಷ್ಟರಲ್ಲಿ ಅಪ್ಪನ ಮಿಲ್ಲಿಗೆ ಬೀಗ ಬಿದ್ದಿತ್ತು. ಬಾಕಿ ಪಗಾರ, ಗ್ರಾಚ್ಯುಟಿ ಅಂತ ಅಪ್ಪ ಗೇಟಿನ ಹತ್ತಿರ ಹೋಗಿ ಬರುವುದೇ ಒಂದು ಪಾಳಿ ಆಗಿತ್ತು. ಮನೆ ನಡೆಸುತ್ತಿದ್ದವಳು ಅಮ್ಮ. ಅವಳ ರೊಟ್ಟಿಗೆ ಓಣಿಯಲ್ಲಿ ಹೆಸರಿತ್ತು. ಲಗ್ನದ ಸೀಸನ್ನಿನಲ್ಲಿ ಅಡುಗೆಯವರ ತಂಡದ ಜೊತೆ ಹೋಗಿ ಕಲ್ಯಾಣ ಮಂಟಪದ ಹಿಂಭಾಗದಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬೆಳಗಿನ ಜಾವ ಹೋದರೆ ಮಧ್ಯಾಹ್ನದ ಪಂಕ್ತಿ ಮುಗಿಯುವವರೆಗೆ ಬೆಂಕಿ ಮುಂದೆ. ಎಷ್ಟೋ ಮದುವೆಗೆ ಹೋಗಿದ್ದಳು, ಒಬ್ಬ ಮದುಮಗಳ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ಆ ಸಿನಿಮಾಕ್ಕೆ ಅವಳನ್ನು ಕರೆದುಕೊಂಡು ಹೋದವಳು ಅಕ್ಕ, ನಾನು ಜೊತೆಗೆ.

ಮದುವೆಯ ಸಡಗರ ಶುರುವಾಗಿ ಸ್ವಲ್ಪ ಹೊತ್ತಿಗೆ ಅಮ್ಮ ನನ್ನ ಕಿವಿಯ ಹತ್ತಿರ ಬಾಗಿ, "ಇಷ್ಟು ಜನಕ್ಕೆ ಹಿಟ್ಟು ನಾದಿದೋರು ಯಾರೋ?" ಅಂದಳು. ನನಗೆ ನಗು ಬಂತು. ಅವಳು ನಗುತ್ತಿರಲಿಲ್ಲ. ಕಣ್ಣು ಪರದೆ ಮೇಲೇ ಇತ್ತು. ಮನೆಗೆ ಬರುವಾಗ ದಾರಿಯುದ್ದಕ್ಕೂ ಆ ಪ್ರಶ್ನೆಯನ್ನು ಎಳೆದು ನಾನು ಭಾಷಣ ಮಾಡಿದೆ. ಆ ವಯಸ್ಸಿನಲ್ಲಿ ಕಾಲೇಜು ಹುಡುಗರಿಗೆ ಶ್ರೀಮಂತರನ್ನು ಬೈಯುವುದು ಅಂದರೆ ಒಂದು ಖುಷಿ. ದುಡ್ಡಿನ ಮೂಲ ತೋರಿಸುವುದಿಲ್ಲ, ಆಳುಗಳು ಮನೆಯವರ ಹಾಗೆ ನಗುತ್ತಾರೆ, ಅವರಿಗೂ ಒಂದು ಮನೆ ಇದೆ ಅಂತ ಯಾರಿಗೂ ನೆನಪಿಲ್ಲ, ಹೀಗೆ. ಅಮ್ಮ ಎಲ್ಲಾ ಕೇಳಿದಳು. ಮುಂದಿನ ವಾರ ಪಕ್ಕದ ಮನೆಯವರನ್ನು ಕಟ್ಟಿಕೊಂಡು ಅದೇ ಸಿನಿಮಾಕ್ಕೆ ಮತ್ತೆ ಹೋದಳು. "ಅದರಾಗೆ ಏನೂ ಇಲ್ಲ ಅಂದ್ನಲ್ಲ, ಮತ್ತೆ ಯಾಕವ್ವ?" ಅಂದರೆ, "ಮದುವಿ ಮುಗಿಯೋ ತನಕ ಕುತ್ಕೊಂಡೇ ನೋಡಬಹುದಲ್ಲೋ" ಅಂದಳು.

90ರ ದಶಕದ ಹಿಂದಿ ಸಿನಿಮಾ ಕನಸು ಮಾರಿತು, ವಾಸ್ತವ ಮುಚ್ಚಿಟ್ಟಿತು ಅಂತ ಬರೆಯುವವರು ಬಹಳ. ತಪ್ಪೇನಲ್ಲ. ನಾನೂ ಹಾಗೇ ಹೇಳಿಕೊಂಡು ತಿರುಗಿದವನು. ಆದರೆ ಮಿಲ್ಲು ನಡೆಯುತ್ತಿದ್ದಾಗ ನಮ್ಮ ಓಣಿ ಪರದೆ ಮೇಲಿನ ಕೂಲಿಯ ಲೆಕ್ಕ ಹಾಕುತ್ತಿತ್ತು, ಮಿಲ್ಲು ನಿಂತ ಮೇಲೆ ಆ ಲೆಕ್ಕ ಯಾರಿಗೂ ಬೇಡವಾಯಿತು. ಕೆಲಸ ಇದ್ದವರಿಗೆ ಕೆಲಸದ ಕಥೆ ಇಷ್ಟ. ಕೆಲಸ ಹೋದವರಿಗೆ ಅದನ್ನು ಮತ್ತೆ ದುಡ್ಡು ಕೊಟ್ಟು ನೋಡುವುದು ಕಷ್ಟ. ಮುಂಬೈಯಲ್ಲೇನು ಬೇರೆ ಕಥೆಯೇ? 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತ್ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಬಟ್ಟೆ ಗಿರಣಿ ಕೆಲಸಗಾರರು ಮುಷ್ಕರ ಹೂಡಿದರು. ಎಷ್ಟೋ ಗಿರಣಿಗಳು ಅದರಿಂದ ಚೇತರಿಸಿಕೊಳ್ಳಲೇ ಇಲ್ಲ. ಕೂಲಿ ಹೀರೋನನ್ನು ನೋಡಿ ಶಿಳ್ಳೆ ಹೊಡೆಯುತ್ತಿದ್ದವರಲ್ಲಿ ಅವರೇ ಮುಂದಿನ ಸಾಲು. ಲೋವರ್ ಪರೇಲ್‌ನ ಫೀನಿಕ್ಸ್ ಮಿಲ್ಲಿನ ಜಾಗ ಮುಂದೆ ಮಾಲ್ ಆಯಿತು. ದಿಲ್ಲಿಯ ಸಾಕೇತ್‌ನಲ್ಲಿ 1997ರಲ್ಲಿ ಪಿವಿಆರ್ ಮಲ್ಟಿಪ್ಲೆಕ್ಸ್ ಶುರು ಮಾಡಿತ್ತು. ಲಂಡನ್, ನ್ಯೂಜೆರ್ಸಿಯ ಟಿಕೆಟ್ ದುಡ್ಡು ನಿರ್ಮಾಪಕರ ಲೆಕ್ಕಕ್ಕೆ ಬಂತು. ಯಾರು ಟಿಕೆಟ್ ಕೊಳ್ಳುತ್ತಾರೋ ಹೀರೋ ಅವರ ಕಡೆಯವನಾಗುತ್ತಾನೆ. ಇದರಲ್ಲಿ ಸಂಚು ಹುಡುಕಬೇಕಾಗಿಲ್ಲ.

ಕೆಲಸ ಬಿಡದವರು

ಎಲ್ಲರೂ ಬಂಗಲೆಗೆ ಹೋಗಲಿಲ್ಲ ಅನ್ನಿ. ಪೊಲೀಸ್ ಸಿನಿಮಾಗಳಲ್ಲಿ ಕೆಲಸ ಉಳಿಯಿತು. 1999ರ 'ಸರ್ಫರೋಶ್'ನ ಎಸಿಪಿ ರಾಥೋಡ್ ಕಚೇರಿಯಲ್ಲಿ ಕೂತು ಫೈಲು ನೋಡುವುದು ಕೂಡ ಕಾಣುತ್ತದೆ. ನಿರ್ದೇಶಕ ಅಜೀಜ್ ಮಿರ್ಜಾ ತಮ್ಮ ಹೀರೋಗೆ ನೌಕರಿಯ ಚಿಂತೆ ಕೊಡದೆ ಬಿಡುತ್ತಿರಲಿಲ್ಲ. 1992ರ 'ರಾಜು ಬನ್ ಗಯಾ ಜಂಟಲ್‌ಮ್ಯಾನ್'ನಲ್ಲಿ ಡಾರ್ಜಿಲಿಂಗಿನಿಂದ ಬಂದ ಎಂಜಿನಿಯರ್ ಕೆಲಸ ಹುಡುಕುತ್ತಾನೆ. ಕೆಲಸ ಸಿಕ್ಕ ಮೇಲೆ ಏನಾಗುತ್ತಾನೆ ಅನ್ನೋದೇ ಕಥೆ. ಶಾರುಖ್ ನನಗೆ ಜಾಸ್ತಿ ಇಷ್ಟವಾಗುವುದು ಆ ಸಿನಿಮಾದಲ್ಲಿ.

ಗೋವಿಂದನ ವಿಷಯ ಬೇರೆ. 1983ರ 'ಕೂಲಿ'ಯಲ್ಲಿ ಅಮಿತಾಭ್ ಕೂಲಿಯವರನ್ನು ಒಟ್ಟು ಮಾಡಿ ದೊಡ್ಡವರ ಎದುರು ನಿಲ್ಲುತ್ತಾನೆ. (ಅದರ ಫೈಟಿಂಗ್‌ನಲ್ಲಿ ಅವರಿಗೆ ಪೆಟ್ಟಾದದ್ದು 1982ರ ಜುಲೈನಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ. ಆ ಸುದ್ದಿ ಕೇಳಿ ನಮ್ಮ ಓಣಿಯ ದರ್ಗಾ, ಆಂಜನೇಯನ ಗುಡಿ ಎರಡೂ ಕಡೆ ಹರಕೆ ಹೊತ್ತವರಿದ್ದರು ಅಂತ ಅಮ್ಮ ಹೇಳುತ್ತಿದ್ದಳು.) 1995ರ 'ಕೂಲಿ ನಂಬರ್ 1'ರಲ್ಲಿ ಗೋವಿಂದ ಕೂಡ ಕೂಲಿಯೇ. ಆದರೆ ಅವನು ದೊಡ್ಡವರ ಎದುರು ನಿಲ್ಲುವುದಿಲ್ಲ, ದೊಡ್ಡವನ ವೇಷ ಹಾಕಿ ಮದುವೆಯಾಗುತ್ತಾನೆ. ಮೊದಲನೆಯದಕ್ಕೆ ಸಂಭಾಷಣೆ ಬರೆದ ಕಾದರ್ ಖಾನ್ ಎರಡನೆಯದರಲ್ಲಿ ಮೋಸಹೋಗುವ ಶ್ರೀಮಂತ ಮಾವ. ಹನ್ನೆರಡು ವರ್ಷದಲ್ಲಿ ಮುಷ್ಟಿ ಹೋಗಿ ಬಣ್ಣದ ಕೋಟು ಬಂತು. ವಿಮರ್ಶಕರು ಆಗ ಗೋವಿಂದನನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ನನ್ನ ಕೇಳಿದರೆ ಆ ದಶಕದ ದುಡ್ಡಿನ ಆಸೆಯನ್ನು ನಾಚಿಕೆ ಇಲ್ಲದೆ ತೋರಿಸಿದವನು ಅವನೊಬ್ಬನೇ.

ಅದೇ 1995ರ 'ರಂಗೀಲಾ'ದಲ್ಲಿ ರಾಮ್ ಗೋಪಾಲ್ ವರ್ಮಾ ಹೀರೋಗೆ ಕೊಟ್ಟ ಕೆಲಸ ನೋಡಿ: ಬ್ಲಾಕ್‌ನಲ್ಲಿ ಟಿಕೆಟ್ ಮಾರುವುದು. ಆಮೀರ್ ಖಾನ್‌ನ ಮುನ್ನಾ ಥಿಯೇಟರ್ ಹೊರಗೆ ನಿಂತು ದುಡಿಯುತ್ತಾನೆ. ಅವನು ಪ್ರೀತಿಸುವ ಮಿಲಿ ಸಿನಿಮಾದಲ್ಲಿ ಗುಂಪಿನಲ್ಲಿ ಕುಣಿಯುವ ಹುಡುಗಿ, ಅವಳೂ ದಿನಾ ಶೂಟಿಂಗಿಗೆ ಹೋಗಿ ಬರುತ್ತಾಳೆ. ಇಬ್ಬರೂ ಸಿನಿಮಾದಿಂದಲೇ ಹೊಟ್ಟೆ ಹೊರೆಯುವವರು. ಅವಳು ಒಳಗೆ, ಇವನು ಗೇಟಿನ ಹೊರಗೆ. ಮುನ್ನಾ ಮೈತುಂಬ ಹಳದಿ ಬಟ್ಟೆ ಹಾಕಿಕೊಂಡು ಅವಳನ್ನು ಫೈವ್ ಸ್ಟಾರ್ ಹೋಟೆಲಿಗೆ ಕರೆದುಕೊಂಡು ಹೋಗುವ ದೃಶ್ಯ ಇದೆಯಲ್ಲ, ಅವನಿಗೆ ತನ್ನ ಬಟ್ಟೆ ಚೆನ್ನಾಗಿಲ್ಲ ಅಂತ ಒಂದು ಕ್ಷಣವೂ ಅನ್ನಿಸುವುದಿಲ್ಲ. ಅದೇ ವರ್ಮಾ 1998ರಲ್ಲಿ 'ಸತ್ಯ' ಮಾಡಿದರು. ಊರು ಬಿಟ್ಟು ಮುಂಬೈಗೆ ಬಂದ ಹುಡುಗ ಮೊದಲು ಎಮ್ಮೆ ಕೊಟ್ಟಿಗೆಯಲ್ಲಿ, ಆಮೇಲೆ ಬಾರಿನಲ್ಲಿ ಕೆಲಸ ಮಾಡುತ್ತಾನೆ. ಕೊಟ್ಟಿಗೆಯ ಕೆಲಸ ಮಾಡಿಕೊಂಡಿದ್ದರೆ ಅವನಿಗೆ ಕಥೆಯೇ ಇರುತ್ತಿರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ 'ಕುಛ್ ಕುಛ್ ಹೋತಾ ಹೈ' ಬಂತು. ಒಂದೇ ವರ್ಷದ ಎರಡು ಸಿನಿಮಾ. ಒಂದರಲ್ಲಿ ದುಡಿಯಲು ಹೋದವನು ಗ್ಯಾಂಗ್ ಸೇರುತ್ತಾನೆ, ಇನ್ನೊಂದರಲ್ಲಿ ದುಡಿಮೆಯ ಸುದ್ದಿಯೇ ಇಲ್ಲ. ಪ್ರಾಮಾಣಿಕವಾಗಿ ತಿಂಗಳ ಸಂಬಳ ಎಣಿಸುವವನಿಗೆ ಎರಡರಲ್ಲೂ ಕುರ್ಚಿ ಇಲ್ಲ.

ಮಾವನ ಕ್ಯಾಸೆಟ್ ಅಂಗಡಿ

ಹೀರೋ ದುಡಿಯಲಿ ಬಿಡಲಿ, ಹಿಂದಿ ಸಿನಿಮಾದಿಂದ ನಮ್ಮ ಮನೆತನದಲ್ಲಿ ಒಬ್ಬರು ದುಡಿದರು. ನನ್ನ ಸೋದರಮಾವ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಅಂಗಡಿ. ಎದುರಿಗೆ ಗಾಜಿನ ಶೋಕೇಸು, ಒಳಗೆ ಎರಡು ಡೆಕ್ಕು, ಹೊರಗೆ ಒಂದು ದೊಡ್ಡ ಸ್ಪೀಕರು. 1990ರ 'ಆಶಿಕಿ' ಕ್ಯಾಸೆಟ್ ಬಂದಾಗ ಪಕ್ಕದ ಟೀ ಅಂಗಡಿಯವನು ಇನ್ನು ಸಾಕು ಅಂತ ಕೈ ಮುಗಿದಿದ್ದನಂತೆ. ಆ ಹಾಡುಗಳಿಂದ ಕುಮಾರ್ ಸಾನು ಫಿಲ್ಮ್‌ಫೇರ್ ಗೆಲ್ಲಲು ಶುರು ಮಾಡಿ ಸತತ ಐದು ವರ್ಷ ಬಿಟ್ಟುಕೊಡಲಿಲ್ಲ. ಟಿ-ಸೀರೀಸ್‌ನ ಗುಲ್ಶನ್ ಕುಮಾರ್ ಕ್ಯಾಸೆಟ್ಟಿನ ಬೆಲೆ ಇಳಿಸಿದ್ದರಿಂದ ಮಾವನಂಥವರ ಗಿರಾಕಿ ಹೆಚ್ಚಿದರು. ದರಿಯಾಗಂಜ್‌ನಲ್ಲಿ ಅಪ್ಪನ ಜೊತೆ ಹಣ್ಣಿನ ರಸ ಮಾರುತ್ತಿದ್ದ ಮನುಷ್ಯ ಅವರು. 1997ರ ಆಗಸ್ಟ್ 12ರಂದು ಅವರನ್ನು ಗುಂಡಿಕ್ಕಿ ಕೊಂದ ಸುದ್ದಿ ಬಂದ ದಿನ ಮಾವ ಅಂಗಡಿ ತೆರೆಯಲಿಲ್ಲ. ಯಾರೂ ಬಂದ್ ಮಾಡಿ ಅಂದಿರಲಿಲ್ಲ.

ನಿಜವಾದ ಆದಾಯ ಇದ್ದದ್ದು ರೆಕಾರ್ಡಿಂಗಿನಲ್ಲಿ. ಗಿರಾಕಿ ಒಂದು ಚೀಟಿಯಲ್ಲಿ ಹಾಡುಗಳ ಪಟ್ಟಿ ಬರೆದುಕೊಡುತ್ತಾನೆ, ಖಾಲಿ ಕ್ಯಾಸೆಟ್ಟು ಅರವತ್ತು ನಿಮಿಷದ್ದೋ ತೊಂಬತ್ತರದ್ದೋ ಹೇಳುತ್ತಾನೆ, ಎರಡು ದಿನ ಬಿಟ್ಟು ಬರುತ್ತಾನೆ. ಯಾವ ಹಾಡಿನ ಹಿಂದೆ ಯಾವುದು ಬರಬೇಕು, ಎ ಸೈಡಿನ ಕೊನೆಗೆ ಹಾಡು ಅರ್ಧಕ್ಕೆ ಕತ್ತರಿಸಿಹೋಗದ ಹಾಗೆ ಹೇಗೆ ಹೊಂದಿಸಬೇಕು, ಅದರಲ್ಲಿ ಮಾವನ ಕೈ ಪಳಗಿತ್ತು. ಕೂಡಿಸುವ ಲೆಕ್ಕ ಎಲ್ಲಾ ಬಾಯಲ್ಲೇ. ಕಾನೂನಿನ ಪ್ರಕಾರ ಅದು ಸರಿಯೋ ಅಂತ ಕೇಳಿದರೆ ಮಾವ ಟೀ ತರಿಸುತ್ತಿದ್ದರು. ಮಿಲ್ಲು ಮುಚ್ಚಿದ ಮೇಲೆ ಅಪ್ಪ ಕೂಡ ಸಂಜೆ ಹೊತ್ತು ಅಲ್ಲೇ ಕೂತು ಸಿಕ್ಕುಬಿದ್ದ ಟೇಪುಗಳನ್ನು ಬಿಡಿಸಿಕೊಡುತ್ತಿದ್ದರು. ನೂಲು ತುಂಡಾದರೆ ಗಂಟು ಹಾಕಿ ಅಭ್ಯಾಸ ಇದ್ದ ಬೆರಳು. ಆಮೇಲೆ ಸಿಡಿ ಬಂತು, ಎಂಪಿ3 ಬಂತು. ಮಾವ ಮೊಬೈಲ್ ರೀಚಾರ್ಜಿಗೆ ಬದಲಾದರು.

2015ರಲ್ಲಿ 'ದಮ್ ಲಗಾ ಕೇ ಹೈಶಾ' ಅಂತ ಒಂದು ಸಿನಿಮಾ ಬಂತು. ನಿರ್ದೇಶಕ ಶರತ್ ಕಟಾರಿಯಾ. ಕಥೆ ನಡೆಯುವುದು ಹರಿದ್ವಾರದಲ್ಲಿ, 1995ರಲ್ಲಿ. ಹೀರೋ ಹೆಸರು ಪ್ರೇಮ್. ಓದು ಹತ್ತಿಲ್ಲ. ಕ್ಯಾಸೆಟ್ ಅಂಗಡಿಯಲ್ಲಿ ಕೂರುತ್ತಾನೆ, ಕುಮಾರ್ ಸಾನು ಅಂದರೆ ಪ್ರಾಣ. ಎದುರಿಗೆ ಸಿಡಿ ಅಂಗಡಿ ಬರುವ ಭಯ. ಮನೆಯವರು ಕಟ್ಟಿದ ಹೆಂಡತಿ ಅವನಿಗಿಂತ ಓದಿದವಳು, ಬಿ.ಎಡ್. ಮಾಡಿದವಳು, ಟೀಚರ್ ಕೆಲಸಕ್ಕೆ ಪ್ರಯತ್ನ ಮಾಡುತ್ತಿರುವವಳು. ನಿರ್ಮಾಣ ಯಶ್ ರಾಜ್. ಕೌಂಟರ್ ಮೇಲೆ ದುಡ್ಡು ಎಸೆದು ಓಡಿದ ಹುಡುಗನ ಸಿನಿಮಾ ತೆಗೆದ ಅದೇ ಕಂಪನಿ. ಅದೇ 1995ಕ್ಕೆ ವಾಪಸ್ ಹೋಗಿ, ಈ ಸಲ ಕ್ಯಾಮೆರಾವನ್ನು ಕೌಂಟರಿನ ಒಳಗೆ ಕೂತ ಹುಡುಗನ ಮುಂದೆ ಇಟ್ಟರು.

ಇದನ್ನು ಮಾವನಿಗೆ ತೋರಿಸಲೇಬೇಕು ಅಂತ ಲ್ಯಾಪ್‌ಟಾಪ್ ತೆಗೆದುಕೊಂಡು ಹೋದೆ. ಮಂಡಕ್ಕಿ, ಮಿರ್ಚಿ ಮುಂದೆ ಇಟ್ಟುಕೊಂಡು ಕೂತೆವು. ಕಣ್ಣಲ್ಲಿ ನೀರು ಬರಬಹುದು, ಹಳೆಯದೆಲ್ಲ ಹೇಳಬಹುದು ಅಂತ ನಾನು ಕಾದದ್ದೇ ಬಂತು. ಮಾವ ಕನ್ನಡಕ ಮೇಲೆ ಸರಿಸಿ ಅಂಗಡಿ ಬಂದಾಗಲೆಲ್ಲ ನಿಲ್ಲಿಸು ಅನ್ನುತ್ತಿದ್ದರು. ಗಿರಾಕಿ ಎಷ್ಟು ಬರ್ತಾರೆ, ರೆಕಾರ್ಡಿಂಗ್ ಎಷ್ಟು ಆಗ್ತೈತೆ, ಅಂಗಡಿ ಸ್ವಂತದ್ದೋ ಬಾಡಿಗೆಯದ್ದೋ. ಸಿನಿಮಾ ಮುಗಿದ ಮೇಲೆ ಬೆರಳಲ್ಲಿ ಲೆಕ್ಕ ಹಾಕಿದರು. "ಲಗ್ನದ ಸೀಸನ್ನು, ಹಬ್ಬ ಬಿಟ್ರೆ ಉಳಿದ ದಿನ ಖಾಲಿನೇ. ಕರೆಂಟ್ ಬಿಲ್ಲು, ಹೆಡ್ ಸವೀತೈತೆ ಅದರ ರಿಪೇರಿ. ನಾಕೈದು ವರ್ಷ ನಡೀಬಹುದು, ಅಷ್ಟೇ."

"ಆಮೇಲೆ?"

"ಆ ಹುಡುಗಿ ಟೀಚರ್ ನೌಕರಿ ಬಿಡಬಾರದು."